ಸಾರು ಒಂದೇ, ತಟ್ಟೆ ಬೇರೆ

ಕಳೆದ ಹೊಸತೊಡಕಿನ ದಿನ ನಮ್ಮ ಮಂಡ್ಯದ ಮನೆಯಲ್ಲಿ ಹದಿನಾಲ್ಕು ಜನ ಊಟಕ್ಕೆ ಕೂತಿದ್ದರು. ನಾಟಿಕೋಳಿ ಸಾರು, ಮಟನ್ ಚಾಪ್ಸ್, ಬೇಯಿಸಿದ ಮೊಟ್ಟೆ, ಮುದ್ದೆ, ಅನ್ನ. ಅಡುಗೆ ಪೂರ್ತಿ ನನ್ನದು ಮತ್ತು ನಾದಿನಿಯದು. ಎಲ್ಲರಿಗೂ ಬಡಿಸಿ ಕೊನೆಯ ಪಂಕ್ತಿಯಲ್ಲಿ ನಾನು ಕೂತಾಗ ನನ್ನ ಎಲೆಯ ಮೇಲೆ ಕೋಳಿ ಸಾರು, ಎರಡು ಮೊಟ್ಟೆ, ಹೆಚ್ಚಿದ ಸೌತೆಕಾಯಿ, ಮೂಲಂಗಿ ಇದ್ದವು. ಮುದ್ದೆ ಇರಲಿಲ್ಲ. ಅಲ್ಲಿಂದ ಎದ್ದ ಮಾತು ಸಂಜೆ ಕಾಫಿ ಕುಡಿಯುವ ಹೊತ್ತಿಗೂ ಮುಗಿದಿರಲಿಲ್ಲ. ಒಬ್ಬರು ವಿಜ್ಞಾನ ಹೇಳಿದರು, ಒಬ್ಬರು ಹಿರಿಯರ ಕಾಲ ನೆನೆಸಿದರು, ಒಬ್ಬರು ಮಕ್ಕಳ ಬಗ್ಗೆ ಎಚ್ಚರಿಸಿದರು. ಹಬ್ಬದ ದಿನ, ಮನೆ ತುಂಬ ಹಿರಿಯರು. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಆದರೆ ಅವೇ ಮಾತುಗಳನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ನನ್ನಂತೆಯೇ ಸಕ್ಕರೆ ಕಾಯಿಲೆ ಇರುವ ಗೆಳತಿಯರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಅದಕ್ಕೇ ಒಂದೊಂದನ್ನೇ ಎತ್ತಿಕೊಂಡು ಬರೆಯುತ್ತಿದ್ದೇನೆ.

ಮೊದಲು ನನ್ನ ಸಂಗತಿ. ಮೂರು ವರ್ಷದ ಹಿಂದೆ, 46ನೆಯ ವಯಸ್ಸಿನಲ್ಲಿ ನನಗೆ ಶುಗರ್ ಇದೆ ಎಂದು ತಿಳಿಯಿತು. ಆಗ ಎಚ್‌ಬಿಎ1ಸಿ 8.4 ಇತ್ತು. ಈಗ 6.3. ಒಂದು ಮೆಟ್‌ಫಾರ್ಮಿನ್ ಮಾತ್ರೆ ನಡೆದಿದೆ. ನಾನು ಮಾಡುತ್ತಿರುವುದು ಕೀಟೋ ಅಲ್ಲ, ಉಪವಾಸವೂ ಅಲ್ಲ. ಇಡೀ ದಿನದಲ್ಲಿ ಪಿಷ್ಟದ ಅಂಶವನ್ನು 100 ಗ್ರಾಂ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ, ಅಷ್ಟೇ. ರಾತ್ರಿ ಊಟಕ್ಕೆ ಹೆಚ್ಚೆಂದರೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ಎಷ್ಟೋ ದಿನ ಅದೂ ಇಲ್ಲ.

“ಅನ್ನ, ಮುದ್ದೆ ಬಿಟ್ಟರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕಮ್ಮ? ಮಿದುಳಿಗೆ ಗ್ಲೂಕೋಸೇ ಬೇಕು ತಾನೆ?” ಇದು ಭಾವನವರ ಪ್ರಶ್ನೆ. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಮಾತು ಅರ್ಧ ಸರಿ. ದೊಡ್ಡವರ ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಉರಿಸುತ್ತದೆ. ಆದರೆ ಅಷ್ಟೂ ತಟ್ಟೆಯಿಂದಲೇ ಬರಬೇಕೆಂದಿಲ್ಲ. ಪ್ರೋಟೀನಿನ ಅಂಶದಿಂದ, ಕೊಬ್ಬು ಒಡೆದಾಗ ಸಿಗುವ ಗ್ಲಿಸರಾಲಿನಿಂದ ನಮ್ಮ ಯಕೃತ್ತು ಗ್ಲೂಕೋಸನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ಕೆಲಸ ಇಲ್ಲದಿದ್ದರೆ ಏಕಾದಶಿಯ ಉಪವಾಸ ಮಾಡಿದವರು ಯಾರೂ ಮಾರನೆಯ ದಿನ ಏಳುತ್ತಿರಲಿಲ್ಲ. ನನ್ನಂಥವರ ತೊಂದರೆಯಂತೂ ತದ್ವಿರುದ್ಧ: ಬೇಡವೆಂದರೂ ಯಕೃತ್ತು ರಾತ್ರಿಯಿಡೀ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಶುಗರ್ ಏರಿರುವುದು ಅದಕ್ಕೇ. ಜೊತೆಗೆ, ದಿನಕ್ಕೆ ನೂರು ಗ್ರಾಂ ತಿನ್ನುವವಳು ಪಿಷ್ಟವನ್ನು ಬಿಟ್ಟವಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಮನೆಗೆಲಸ, ಹೊಲಿಗೆ ಕೆಲಸ ಎರಡನ್ನೂ ಮಾಡುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಮೈ ಹಿಂಡಿದಂತಾಗಿ ಮಲಗುತ್ತಿದ್ದುದು ಮೊದಲು, ಈಗಲ್ಲ.

ಎರಡನೆಯ ಮಾತು ಅತ್ತೆಯವರದು. “ನಿಮ್ ಮಾವನ ಅಪ್ಪ ಮೂರೊತ್ತೂ ಮುದ್ದೆ ಉಂಡು ತೊಂಬತ್ತು ವರ್ಸ ಬದುಕಿದ್ರು ಕಣವ್ವ. ರಾಗಿ ಸಕ್ರೆ ಕಾಯ್ಲೆಗೆ ಔಸ್ದಿ ಅಂತ ಡಾಕ್ಟ್ರೇ ಹೇಳ್ತಾರೆ, ನೀನು ಅದನ್ನೇ ಬ್ಯಾಡ ಅಂತೀಯ.” ಇದಕ್ಕೆ ನಾನು ಹಗುರಾಗಿ ಉತ್ತರಿಸಲಾರೆ. ಏಕೆಂದರೆ ನಾನು ರಾಗಿಯ ನೆಲದವಳು. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ತೆಗೆದದ್ದು ನಮ್ಮೂರಿನ ಪಕ್ಕದ ವಿ.ಸಿ. ಫಾರಂನಲ್ಲೇ. ರಾಗಿಯಲ್ಲಿ ಅಕ್ಕಿಗಿಂತ ನಾಲ್ಕು ಪಟ್ಟು ನಾರಿದೆ. 100 ಗ್ರಾಂನಲ್ಲಿ 360 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳೆಯುವ ಮಕ್ಕಳಿಗೆ, ಬಾಣಂತಿಗೆ, ಹೊಲದಲ್ಲಿ ದುಡಿಯುವವರಿಗೆ ಅದಕ್ಕಿಂತ ಒಳ್ಳೆಯ ಧಾನ್ಯ ನನಗೆ ಗೊತ್ತಿಲ್ಲ.

ಆದರೆ ಅದು ಧಾನ್ಯ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಪಿಷ್ಟವಿದೆ, ಅಷ್ಟೇ ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಕಾಯಿಲೆಯನ್ನು ತಡೆಯುವಷ್ಟು ಇಲ್ಲ. ಒಂದು ರಾತ್ರಿ ನಾನು ಹಿಟ್ಟನ್ನು ತೂಗಿ ಎಸರಿಗೆ ಹಾಕಿದೆ. ನಮ್ಮ ಮನೆಯ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು ಹೋಗುತ್ತದೆ. ಎಂದರೆ ಒಂದೇ ಮುದ್ದೆಯಲ್ಲಿ 70 ಗ್ರಾಂ ದಾಟಿತು. ಅದರ ಮೇಲೆ ಒಂದು ಸೌಟು ಅನ್ನ, ಮಜ್ಜಿಗೆಗೆ ಇನ್ನೊಂದು ಸೌಟು. ಹಾಗೆ ಉಂಡ ದಿನ ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಗ್ಲೂಕೋಮೀಟರು ಇನ್ನೂರರ ಮೇಲೆಯೇ ತೋರಿಸುತ್ತಿತ್ತು.

ಇದು ನನ್ನೊಬ್ಬಳ ಅನುಭವ ಎನ್ನುವವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯನ್ನು ನೋಡಬಹುದು. ದೇಶದ ಎಲ್ಲ ರಾಜ್ಯಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಸಮೀಕ್ಷೆ ಅದು. 2023ರಲ್ಲಿ ಪ್ರಕಟವಾದ ಅದರ ವರದಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸಿಲಲ್ಲಿದ್ದಾರೆ ಎಂದು ಲೆಕ್ಕ ಹಾಕಿತು. 2025ರಲ್ಲಿ ಬಂದ ಇನ್ನೊಂದು ವರದಿ ನಮ್ಮ ತಟ್ಟೆಯನ್ನೇ ಅಳೆಯಿತು. ನಾವು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟದ್ದು. ಅದಕ್ಕಿಂತ ಮುಖ್ಯ ಮಾತು ಮುಂದಿದೆ: ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದಿಟ್ಟು, ಒಟ್ಟು ಪ್ರಮಾಣವನ್ನು ಹಾಗೇ ಬಿಟ್ಟರೆ ಅಪಾಯ ಇಳಿಯುವುದು ಕಾಣಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು ತೆಗೆದು ಆ ಜಾಗಕ್ಕೆ ಕಾಳುಬೇಳೆಯ ಅಥವಾ ಹಾಲುಮೊಸರಿನ ಪ್ರೋಟೀನ್ ತಂದಲ್ಲಿ ಅಪಾಯ ಕಡಿಮೆ ಇರುವುದು ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಧಾನ್ಯಗಳಿಂದ ಬರುವ ಕ್ಯಾಲೊರಿ ನೂರಕ್ಕೆ 45 ದಾಟಬಾರದು ಎಂದಿದೆ. ಆ 45ರ ಒಳಗೆ ರಾಗಿ, ಸಜ್ಜೆ, ನವಣೆಗಳೂ ಸೇರಿವೆ. ರಾಗಿ ಔಷಧಿ ಎಂದು ಅತ್ತೆಯವರಿಗೆ ಯಾರು ಹೇಳಿದರೋ, ಎಷ್ಟು ಎಂದು ಹೇಳಲಿಲ್ಲ.

ಮಾವನ ಅಪ್ಪನ ಮಾತು ಉಳಿಯಿತು. ಅವರು ಕೋಳಿ ಕೂಗುವ ಮೊದಲೇ ಎದ್ದು ಆರು ಎಕರೆ ಗದ್ದೆಯಲ್ಲಿ ಆರಂಬ ಮಾಡಿದವರು. ಕಬ್ಬು ಕಡಿದವರು, ಗಾಡಿ ಹೊಡೆದವರು. ಉಂಡ ಮುದ್ದೆ ಅವರ ತೋಳಿನಲ್ಲಿ ಉರಿದು ಹೋಗುತ್ತಿತ್ತು. ಅವರ ಮನೆಯಲ್ಲಿ ಅನ್ನ ಬೇಯುತ್ತಿದ್ದುದು ಹಬ್ಬಕ್ಕೆ, ನೆಂಟರು ಬಂದಾಗ. ನಾನು ದಿನಕ್ಕೆ ಆರು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತೇನೆ. ಅವರ ಮುದ್ದೆಯನ್ನು ನನಗೆ ಬಡಿಸುವವರು ಅವರ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ನನ್ನನ್ನು ಹೆಚ್ಚು ನೋಯಿಸಿದ ಮಾತು. “ಒಂದು ಮನೇಲಿ ಎರಡು ಒಲೆ ಉರಿದ್ರೆ ಮನೆ ಉಳಿಯಲ್ಲ. ಅಡುಗೆ ಮಾಡೋಳೇ ಬೇರೆ ಉಂಡ್ರೆ ಹೆಂಗೆ?” ಎಂದದ್ದು ದೊಡ್ಡತ್ತೆ. ಅಲ್ಲಿದ್ದ ಹೆಂಗಸರೆಲ್ಲ ತಲೆಯಾಡಿಸಿದರು.

ನಮ್ಮ ಮನೆಯಲ್ಲಿ ಎರಡು ಒಲೆ ಉರಿಯುತ್ತಿಲ್ಲ. ಒಂದು ವಾರದ ರಾತ್ರಿ ಅಡುಗೆಯನ್ನು ಹೇಳುತ್ತೇನೆ, ಓದುವವರೇ ನೋಡಲಿ. ಸೋಮವಾರ ಬಸ್ಸಾರು. ದಂಟಿನ ಸೊಪ್ಪು, ಹುರುಳಿಕಾಳು ಒಟ್ಟಿಗೆ ಬೇಯಿಸಿ ಬಸಿಯುತ್ತೇನೆ; ಬಸಿದ ಕಟ್ಟಿಗೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮನೆಯವರೆಲ್ಲ ಮುದ್ದೆಯ ಜೊತೆ ಸಾರು ಹೆಚ್ಚು, ಪಲ್ಯ ಕಡಿಮೆ ತೆಗೆದುಕೊಳ್ಳುತ್ತಾರೆ. ನಾನು ಪಲ್ಯವನ್ನೇ ಊಟ ಮಾಡಿಕೊಂಡು ಸಾರನ್ನು ಬಟ್ಟಲಲ್ಲಿ ಕುಡಿಯುತ್ತೇನೆ. ಮಂಗಳವಾರ ಮೊಟ್ಟೆ ಸಾರು. ಬುಧವಾರ ಮೊಳಕೆ ಹೆಸರುಕಾಳಿನ ಸಾರು, ಹುರುಳಿಕಾಯಿ ಪಲ್ಯ. ಗುರುವಾರ ಮಸ್ಸೊಪ್ಪು, ಜೊತೆಗೆ ನನಗೂ ಮಗಳಿಗೂ ಒಂದೊಂದು ತುಂಡು ಹುರಿದ ಪನೀರ್. ಶುಕ್ರವಾರ ಉಪ್ಪುಸಾರು, ಅದರ ಕಾಳು-ಸೊಪ್ಪು, ಖಾರ. ಭಾನುವಾರ ಬಾಡು. ಇದರಲ್ಲಿ ನನಗೆಂದು ಬೇರೆಯಾಗಿ ಒಲೆಗೆ ಏರಿದ್ದು ಯಾವುದು? ಮೊದಲಿಗಿಂತ ಸೊಪ್ಪು ಒಂದು ಕಟ್ಟು ಜಾಸ್ತಿ ತರುತ್ತೇನೆ, ಕಾಳು ಒಂದು ಹಿಡಿ ಜಾಸ್ತಿ ನೆನೆಸುತ್ತೇನೆ, ಹಿಟ್ಟು ಒಂದು ಮುದ್ದೆಯಷ್ಟು ಕಡಿಮೆ ಹಾಕುತ್ತೇನೆ.

ನಮ್ಮ ಸೀಮೆಯ ಊಟದ ಒಂದು ಗುಣವನ್ನು ನಾವೇ ಗಮನಿಸಿಲ್ಲ. ನಮ್ಮಲ್ಲಿ ಪಿಷ್ಟ ಒಂದು ಕಡೆ ಇರುತ್ತದೆ, ಉಳಿದದ್ದು ಇನ್ನೊಂದು ಕಡೆ. ಮುದ್ದೆ ಮುದ್ದೆಯಾಗಿ, ಅನ್ನ ಅನ್ನವಾಗಿ ಬೇರೆ ಪಾತ್ರೆಯಲ್ಲಿ ಕೂತಿರುತ್ತದೆ. ಬಡಿಸುವ ಕೈ ಅಲ್ಲಿ ಸ್ವಲ್ಪ ತಡೆದರೆ ಸಾಕು, ಅಡುಗೆ ಬದಲಾಗಬೇಕಿಲ್ಲ. ಕಷ್ಟ ಬರುವುದು ಬಿಸಿಬೇಳೆಬಾತ್, ಪಲಾವ್, ಚಿತ್ರಾನ್ನದ ದಿನ. ಅಲ್ಲಿ ಅನ್ನವನ್ನು ಬಿಡಿಸಿಕೊಳ್ಳಲಾಗದು. ಅಂಥ ದಿನ ಚಿತ್ರಾನ್ನದ ಗೊಜ್ಜನ್ನು ಅನ್ನಕ್ಕೆ ಕಲಸುವ ಮೊದಲು ಒಂದು ಬಟ್ಟಲು ಎತ್ತಿಟ್ಟು, ಸಣ್ಣಗೆ ಹೆಚ್ಚಿ ಬಾಡಿಸಿದ ಎಲೆಕೋಸಿಗೆ ಬೆರೆಸುತ್ತೇನೆ. ಕಡಲೆಬೀಜ ಧಾರಾಳ. ಬಿಸಿಬೇಳೆಬಾತಿನ ದಿನ ತರಕಾರಿ, ಬೇಳೆ, ಪುಡಿ ಬೆಂದ ಮೇಲೆ ಅನ್ನ ಸೇರಿಸುವ ಮೊದಲು ನನ್ನ ಪಾಲು ತೆಗೆಯುತ್ತೇನೆ. ಐದು ನಿಮಿಷದ ಕೆಲಸ.

ನಮ್ಮ ಎಲೆ ಊಟದ ಕ್ರಮವೂ ನನ್ನ ಪರವಾಗಿಯೇ ಇದೆ. ಮೊದಲು ಉಪ್ಪು, ಕೋಸಂಬರಿ, ಪಲ್ಯ ಬೀಳುತ್ತವೆ, ಅನ್ನ ಆಮೇಲೆ. ಹಿರಿಯರು ಪಲ್ಯ ಮುಗಿಸದೆ ಅನ್ನಕ್ಕೆ ಕೈ ಹಾಕಿದ ಮಕ್ಕಳನ್ನು ಗದರುತ್ತಿದ್ದರು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಶುಗರ್ ಗಮನಾರ್ಹವಾಗಿ ಕಡಿಮೆ ಏರುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ತೋರಿಸಿದರು. ಸಣ್ಣ ಅಧ್ಯಯನ, ಹನ್ನೊಂದೇ ಜನ. ನನ್ನ ಬೆರಳ ತುದಿಯ ರಕ್ತವೂ ಅದನ್ನೇ ಹೇಳುತ್ತದೆ.

ಮನೆ ಒಡೆಯುವ ಮಾತಿಗೆ ನಿಜವಾದ ಉತ್ತರ ಬೇರೆ ಇದೆ. ನಮ್ಮ ಮಾವನವರಿಗೆ ಹನ್ನೆರಡು ವರ್ಷ ಸಕ್ಕರೆ ಕಾಯಿಲೆ ಇತ್ತು. ರಾತ್ರಿ ಅನ್ನ ಬೇಡ, ಚಪಾತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಹನ್ನೆರಡು ವರ್ಷವೂ ರಾತ್ರಿ ಎಂಟಕ್ಕೆ ಹಿಟ್ಟು ಕಲಸಿ, ಲಟ್ಟಿಸಿ, ಅವರಿಗೆಂದೇ ಮೂರು ಚಪಾತಿ ಬೇಯಿಸಿ, ಅದಕ್ಕೆಂದೇ ಒಂದು ಪಲ್ಯ ಮಾಡಿದವಳು ನಾನು. ಅದು ನಿಜವಾಗಿಯೂ ಎರಡು ಅಡುಗೆ. ಗೋಧಿ ಹಿಟ್ಟಿನಲ್ಲೂ ನೂರಕ್ಕೆ 64 ಪಾಲು ಪಿಷ್ಟವೇ ಇದೆ ಎಂಬುದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. ಇರಲಿ. ಆ ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ, ಯಾರಾದರೂ, ಈ ಮನೆಯಲ್ಲಿ ಎರಡು ಒಲೆ ಉರಿಯುತ್ತಿದೆ ಎಂದರೇ? ಅನ್ನಲಿಲ್ಲ. ಅನ್ನಬಾರದಿತ್ತು ಕೂಡ, ಅವರು ಕಾಯಿಲೆಯವರು, ಹಿರಿಯರು. ನಾನು ಅದನ್ನು ಸಂತೋಷದಿಂದಲೇ ಮಾಡಿದೆ. ಅದೇ ಕಾಯಿಲೆ ಸೊಸೆಗೆ ಬಂದು, ಅವಳು ಒಂದು ಮುದ್ದೆ ಕಡಿಮೆ ಕಟ್ಟಿದ್ದಕ್ಕೆ ಮನೆ ಒಡೆಯುತ್ತದೆ ಎನ್ನುವುದಾದರೆ, ಒಡಕು ಇರುವುದು ನನ್ನ ತಟ್ಟೆಯಲ್ಲಲ್ಲ.

“ಇದೆಲ್ಲ ದುಡ್ಡಿದ್ದೋರ ಊಟ. ಬಾದಾಮಿ, ಪನೀರು, ದಿನಾ ಮಾಂಸ ಎಲ್ಲರ ಕೈಲಿ ಆಗುತ್ತಾ?” ಎಂದು ಮೈದುನ ಕೇಳಿದ. ಬಾದಾಮಿ ನಮ್ಮ ಮನೆಗೆ ಬಂದಿಲ್ಲ. ಕಡಲೆಬೀಜದಲ್ಲಿ 100 ಗ್ರಾಂಗೆ 23 ಗ್ರಾಂ ಪ್ರೋಟೀನ್ ಇದೆ, ಪಿಷ್ಟ 17 ಗ್ರಾಂ ಮಾತ್ರ. ಮೊಟ್ಟೆ, ಮೊಸರು, ಸೊಪ್ಪು ನಮ್ಮ ಸಂತೆಯ ಸರಕೇ. ಬೇಳೆಕಾಳಲ್ಲೂ ಪಿಷ್ಟ ಉಂಟು, ಹುರುಳಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಅದನ್ನು ನನ್ನ ನೂರು ಗ್ರಾಂ ಲೆಕ್ಕಕ್ಕೆ ಸೇರಿಸಿಕೊಂಡೇ ತಿನ್ನುತ್ತೇನೆ. ಆದರೂ ಮೈದುನನ ಮಾತಿನಲ್ಲಿ ಒಂದು ಸತ್ಯವಿದೆ. ಪಡಿತರದ ಅಕ್ಕಿಯನ್ನೇ ನಂಬಿದ ಮನೆಗೆ ಹೋಗಿ ಅಕ್ಕಿ ಕಡಿಮೆ ತಿನ್ನಿ ಎನ್ನುವ ಧೈರ್ಯ ನನಗಿಲ್ಲ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಎಷ್ಟೋ ಒಲೆಗಳು ಹೊತ್ತಿಗೆ ಸರಿಯಾಗಿ ಹೊತ್ತಿಕೊಂಡವು; ಅದು ದೊಡ್ಡ ಮಾತು. ಆ ಮನೆಗಳಲ್ಲೂ ಈಗ ಸಕ್ಕರೆ ಕಾಯಿಲೆ ಇದೆ. ಅವರ ಚೀಲದಲ್ಲಿ ಅಕ್ಕಿಯ ಜೊತೆ ಬೇಳೆಕಾಳು, ಮೊಟ್ಟೆ ಬೀಳುವಂತೆ ಮಾಡುವುದು ಸರ್ಕಾರದ ಕೆಲಸ, ಅವರಿಗೆ ಬುದ್ಧಿ ಹೇಳುವುದಲ್ಲ.

“ಕಿಡ್ನಿ ಹೋಗುತ್ತೆ” ಎಂದವರಿಗೆ: ಆರೋಗ್ಯವಾಗಿರುವ ಕಿಡ್ನಿಯನ್ನು ನಾಲ್ಕು ಮೊಟ್ಟೆ, ಒಂದು ಬಟ್ಟಲು ಕಾಳು ಕೆಡಿಸುವುದಿಲ್ಲ. ಕಿಡ್ನಿಯನ್ನು ಕೆಡಿಸುವ ದೊಡ್ಡ ಕಾರಣಗಳಲ್ಲಿ ಮೊದಲನೆಯದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೇ. ಈಗಾಗಲೇ ಕಿಡ್ನಿ ಸೋತವರ ಮಾತು ಬೇರೆ, ಅವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಅದಕ್ಕಿಂತ ದೊಡ್ಡ ಎಚ್ಚರಿಕೆಯೊಂದನ್ನು ನನ್ನನ್ನು ವಿರೋಧಿಸಿದವರು ಹೇಳಲಿಲ್ಲ, ನಾನು ಹೇಳುತ್ತೇನೆ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಅನ್ನ ಮುದ್ದೆ ಇಳಿಸಿದರೆ ಶುಗರ್ ಕುಸಿದು ಬೀಳಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರು ಪಿಷ್ಟವನ್ನು ತೀರ ಕಡಿಮೆ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಬೇಕಾದೀತು. ತಟ್ಟೆ ಬದಲಾಗುವ ಮೊದಲು ಮಾತ್ರೆಯ ಚೀಟಿ ಡಾಕ್ಟರ ಮುಂದೆ ಹೋಗಬೇಕು.

“ಹಾಗಾದರೆ ಮನೆಯವರೆಲ್ಲ ಇದನ್ನೇ ಮಾಡಬೇಕಾ?” ಇಲ್ಲ. ಅಮೆರಿಕದಲ್ಲಿ 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಬ್ಬು ಇಳಿಸಿದವರಿಗೂ ಪಿಷ್ಟ ಇಳಿಸಿದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬರೀ ತೂಕ ಇಳಿಸುವವರು ಯಾವ ದಾರಿಯಲ್ಲಾದರೂ ಹೋಗಲಿ. ಸಕ್ಕರೆ ಕಾಯಿಲೆಯ ಮಾತು ಬೇರೆ. ಪಿಷ್ಟ ಇಳಿಸುವುದರಿಂದ ರಕ್ತದ ಸಕ್ಕರೆ ಸುಧಾರಿಸುತ್ತದೆ ಎಂಬುದಕ್ಕೇ ಹೆಚ್ಚು ಪುರಾವೆ ಇದೆ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲಿ ಹೇಳಿತು. ಹದಿನೇಳರ ಮಗ ಕಬಡ್ಡಿ ಆಡಿ ಬಂದು ಎರಡು ಮುದ್ದೆ ಉಂಡರೆ ನಾನೇ ತುಪ್ಪ ಬಡಿಸುತ್ತೇನೆ.

ಒಂದು ಮಾತನ್ನು ಮಾತ್ರ ನಾನು ಪೂರ್ತಿ ಅಲ್ಲಗಳೆಯಲಾರೆ. ನಾದಿನಿ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದ್ದು: “ಅತ್ತಿಗೆ, ನೀವು ಅನ್ನ ನೋಡಿ ಕೈ ಹಿಂದೆಗೆಯೋದನ್ನ ಮಗಳು ನೋಡ್ತಾಳೆ. ನಾಳೆ ಅವಳೂ ಊಟ ಅಂದ್ರೆ ಹೆದರ್ತಾಳೆ.” ಅವಳು ಹೇಳುವ ಹೊತ್ತಿಗೆ ಅದು ನಡೆದೇ ಹೋಗಿತ್ತು. ಹದಿನಾಲ್ಕರ ಮಗಳು ಎರಡು ವಾರದಿಂದ ಡಬ್ಬಿಯ ಅನ್ನವನ್ನು ಶಾಲೆಯಲ್ಲಿ ಗೆಳತಿಗೆ ಕೊಟ್ಟು ಬರುತ್ತಿದ್ದಳು. ಕೇಳಿದರೆ, ಅನ್ನ ತಿಂದರೆ ದಪ್ಪ ಆಗುತ್ತೇನೆ ಎಂದಳು. ಆ ಮಾತು ನನ್ನಿಂದ ಹೋದದ್ದು. ತಟ್ಟೆಯ ಮುಂದೆ ಕೂತು ಗ್ರಾಂ ಲೆಕ್ಕ ಹೇಳುತ್ತಿದ್ದವಳು ನಾನು, ಊಟದ ಮೇಜಿನ ಮೇಲೇ ಗ್ಲೂಕೋಮೀಟರು ಇಟ್ಟಿದ್ದವಳು ನಾನು. ಬೆಳೆಯುವ ಹುಡುಗಿಗೆ ಅನ್ನ ಬೇಕು, ರಾಗಿ ಬೇಕು, ಊಟದ ಮೇಲೆ ಪ್ರೀತಿ ಬೇಕು. ಅಂದಿನಿಂದ ಮೀಟರು ಬೀರುವಿಗೆ ಹೋಯಿತು. ಊಟದ ಹೊತ್ತಿನಲ್ಲಿ ನಮ್ಮಲ್ಲಿ ಶುಗರ್ ಮಾತಿಲ್ಲ, ತೂಕದ ಮಾತಂತೂ ಇಲ್ಲವೇ ಇಲ್ಲ. ಇದು ಅಮ್ಮನ ಕಾಯಿಲೆಗೆ ಅಮ್ಮನ ಊಟ, ಕನ್ನಡಕ ಹಾಕಿಕೊಂಡ ಹಾಗೆ, ನಿನಗೆ ಬೇಡ ಎಂದು ಕೂರಿಸಿಕೊಂಡು ಹೇಳಿದೆ. ಈಗ ಅವಳು ಉಣ್ಣುತ್ತಾಳೆ. ಆದರೂ ಅವಳ ಡಬ್ಬಿಯನ್ನು ತೆರೆದು ನೋಡುವುದನ್ನು ನಾನು ಬಿಟ್ಟಿಲ್ಲ. ನಾದಿನಿಗೆ ನಾನು ಋಣಿ.

ಕೊನೆಯದು, “ಅನ್ನ ಬೇಡ ಅನ್ನಬಾರದು, ಅದು ದೇವರು” ಎಂಬ ಮಾತು. ಬೇಡ ಎಂದು ನಾನು ಎಂದೂ ಅಂದಿಲ್ಲ, ಸಾಕು ಎಂದಿದ್ದೇನೆ. ಪ್ರಸಾದಕ್ಕೆ ಕೈ ಚಾಚುತ್ತೇನೆ, ಯುಗಾದಿಯ ಹೋಳಿಗೆಯಲ್ಲಿ ಕಾಲು ಭಾಗ ತಿನ್ನುತ್ತೇನೆ. ಆದರೆ ಅನ್ನವನ್ನು ಗೌರವಿಸುವ ಮಾತು ಬಂದಿದ್ದಕ್ಕೆ ಹೇಳಬೇಕು. ಇಪ್ಪತ್ತೈದು ವರ್ಷ, ಎಲ್ಲರೂ ಉಂಡು ಎದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ಅನ್ನ ಬೀಳುತ್ತಿದ್ದುದು ನನ್ನ ತಟ್ಟೆಗೆ. ಹಸಿವಿರಲಿ ಇಲ್ಲದಿರಲಿ, ಚೆಲ್ಲಬಾರದು ಎಂದು ಉಂಡೆ. ಪಲ್ಯ ಅಷ್ಟು ಹೊತ್ತಿಗೆ ಖಾಲಿಯಾಗಿರುತ್ತಿತ್ತು. ಅನ್ನಕ್ಕೆ ಸಾರಿನ ತಿಳಿ ಕಲಸಿಕೊಂಡು ಮುಗಿಸುತ್ತಿದ್ದೆ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಹೆಂಗಸರ ರಾತ್ರಿಯೂಟ ಅದೇ. ಕಾಳು, ಪಲ್ಯ, ಮೊಟ್ಟೆ ಮೊದಲ ಪಂಕ್ತಿಗೆ. ಅನ್ನ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ನನ್ನ ಕಾಯಿಲೆಗೆ ಅದೊಂದೇ ಕಾರಣ ಎನ್ನಲಾರೆ, ನಮ್ಮ ತಾಯಿಗೂ ಶುಗರ್ ಇತ್ತು. ಆದರೆ ಈಗ ಲೆಕ್ಕ ಹಾಕಿ ಅಕ್ಕಿ ಇಡುತ್ತೇನೆ, ನನ್ನ ಪಾಲಿನ ಪಲ್ಯವನ್ನು ಬಡಿಸುವ ಮೊದಲೇ ತೆಗೆದಿಡುತ್ತೇನೆ, ದಿನದ ಊಟಕ್ಕೆ ಎಲ್ಲರ ಜೊತೆಯಲ್ಲೇ ಕೂರುತ್ತೇನೆ. ಚೆಲ್ಲುವ ಅನ್ನ ನಮ್ಮ ಮನೆಯಲ್ಲಿ ಮೊದಲಿಗಿಂತ ಕಡಿಮೆಯಾಗಿದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಅಡುಗೆ ಮಾಡುವವರಿಗೆ ಸಕ್ಕರೆ ಕಾಯಿಲೆ ಇರಬಹುದು. ಇವತ್ತು ರಾತ್ರಿ ಅವರನ್ನು ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿ. ಪಲ್ಯದ ಪಾತ್ರೆ ಮೊದಲು ಅವರ ಕಡೆಗೆ ಹೋಗಲಿ. ಮುದ್ದೆ ಎಷ್ಟು ಬೇಕು ಎಂದು ಕೇಳಿ, ಅವರು ಹೇಳಿದಷ್ಟನ್ನೇ ಬಡಿಸಿ.